ಕಾರಂತರ ಮನೆಯೆಂಬ ಪಾಠಶಾಲೆ

ದಾರ್ಸೈಟಿನಲ್ಲಿ ಮೇ ತಿಂಗಳು ಕಾಲಿಟ್ಟಿತೆಂದರೆ ಮಕ್ಕಳ ಲೋಕ ನಾಲ್ಕು ಗೋಡೆಗಳ ಒಳಕ್ಕೆ ಸರಿಯುತ್ತದೆ. ಸುತ್ತಲಿನ ಬೋಳು ಕಲ್ಲುಬೆಟ್ಟಗಳು ಕಾದ ಕಾವಲಿಯಂತಾಗಿ, ಉಷ್ಣತೆ 45 ಡಿಗ್ರಿಯ ಆಸುಪಾಸಿಗೆ ಏರಿದ ಮೇಲೆ ಎರಡು ಕೋಣೆಯ ಫ್ಲ್ಯಾಟು, ಒಂದು ಎ.ಸಿ., ಒಂದು ಮೊಬೈಲು, ಇಷ್ಟರಲ್ಲೇ ಸೆಪ್ಟೆಂಬರಿನವರೆಗೆ ದಿನ ಕಳೆಯಬೇಕು. ಮಗುವಿಗೆ ಯಾವ ಕಿಟ್ ತರಿಸಲಿ, ಯಾವ ತರಗತಿಗೆ ಸೇರಿಸಲಿ, ಯಾವ ಆ್ಯಪ್ ಒಳ್ಳೆಯದು ಎಂದು ಹೊಸದಾಗಿ ಬಂದ ತಾಯಿತಂದೆಯರು ಕೇಳುತ್ತಾರೆ. ಊರಿನಲ್ಲಿರುವ ಅಜ್ಜ ಅಜ್ಜಿಯರು ವಿಡಿಯೊ ಕರೆಯಲ್ಲಿ ಮೊಮ್ಮಗುವಿನ ಬೆರಳು ಪರದೆಯ ಮೇಲೆ ಚುರುಕಾಗಿ ಓಡುವುದನ್ನು ಕಂಡು ಹಿಗ್ಗುತ್ತಾರೆ. ಅದೇ ಬೆರಳಿಗೆ ಅಂಗಿಯ ಗುಂಡಿ ಹಾಕಲು ಬಾರದೆಂಬುದು ಆ ಕರೆಯಲ್ಲಿ ಕಾಣುವುದಿಲ್ಲ. ವೈದ್ಯವೃತ್ತಿಯಲ್ಲಿರುವ ನನಗೆ ಕಾಣುತ್ತದೆ.

ಇಂಥ ಪ್ರಶ್ನೆಗಳು ಬಂದಾಗಲೆಲ್ಲ ನನ್ನ ಮನಸ್ಸು ಪುತ್ತೂರಿನ ಪರ್ಲಡ್ಕದ ಗುಡ್ಡದ ಕಡೆಗೆ ಹೋಗುತ್ತದೆ. ಕೋಟ ಶಿವರಾಮ ಕಾರಂತರು ಅಲ್ಲಿ ಕಟ್ಟಿಕೊಂಡ ನೆಲೆಗೆ ಬಾಲವನವೆಂದು ಹೆಸರಿಟ್ಟಿದ್ದರು. ಕಾದಂಬರಿಕಾರರಾಗಿ, ಯಕ್ಷಗಾನದ ಪ್ರಯೋಗಶೀಲರಾಗಿ, ಪರಿಸರದ ಹೋರಾಟಗಾರರಾಗಿ ಅವರನ್ನು ಕನ್ನಡ ನಾಡು ಬಲ್ಲದು. ತಂದೆಯಾಗಿ, ಮಕ್ಕಳ ಜೊತೆಗಾರರಾಗಿ ಅವರು ಏನು ಮಾಡಿದರು ಎಂಬುದನ್ನು ನಾವು ಅಷ್ಟಾಗಿ ಮಾತನಾಡಿಕೊಂಡಿಲ್ಲ. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಆ ಭಾಗವೇ ಹೆಚ್ಚು ಬೇಕಾದದ್ದೆಂದು ನನಗೆ ತೋರುತ್ತದೆ.

1902ರ ಅಕ್ಟೋಬರ್ 10ರಂದು ಉಡುಪಿ ಸಮೀಪದ ಕೋಟದಲ್ಲಿ ಅವರ ಜನನ. ಆಗ ಆ ಸೀಮೆಯೆಲ್ಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದ ತರುಣ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ಅರ್ಧಕ್ಕೆ ಬಿಟ್ಟು ಹೊರಬಂದರು. ಮರಳಿ ಯಾವ ಪದವಿಯ ಬೆನ್ನನ್ನೂ ಹತ್ತಲಿಲ್ಲ. ಖಾದಿ ಪ್ರಚಾರಕ್ಕೆ ಊರೂರು ಅಲೆದರು, ವಸಂತ ಎಂಬ ಮಾಸಪತ್ರಿಕೆ ನಡೆಸಿದರು, ನಾಟಕವಾಡಿಸಿದರು, ಛಾಯಾಚಿತ್ರಣ ಕಲಿತರು, 1930ರ ಸುಮಾರಿಗೆ ಮೂಕಿ ಚಲನಚಿತ್ರಕ್ಕೂ ಕೈ ಹಾಕಿದರು. ಪುಸ್ತಕ ಬರೆದದ್ದಷ್ಟೇ ಅಲ್ಲ, ಅಚ್ಚಿನ ಮನೆಯನ್ನೂ ನಡೆಸಿದರು. ತಮ್ಮ ಪುಸ್ತಕಗಳಿಗೆ ತಾವೇ ಚಿತ್ರ ಬರೆದರು. ಹೀಗೆ ಯಾವ ವಿದ್ಯೆ ಬೇಕೆನಿಸಿತೋ ಅದನ್ನು ಕೈಯಿಂದ ಮಾಡಿ, ಕೆಡಿಸಿ, ಮತ್ತೆ ಮಾಡಿ ದಕ್ಕಿಸಿಕೊಂಡವರು. ಪದವಿಗಳ ಮೇಲೆ ಪದವಿ ಪಡೆದು ಇಲ್ಲಿಗೆ ಬಂದಿರುವ ನನ್ನಂಥವರಿಗೆ ಇದನ್ನು ಓದುವಾಗ ಸ್ವಲ್ಪ ಮುಜುಗರವಾಗುವುದು ಸಹಜ.

ಚೋಮನ ದುಡಿ 1933ರಲ್ಲಿ ಬಂದಿತು. ಅದು ಅವರಿಗೆ ಕೀರ್ತಿ ತಂದಿತು. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದ ವರ್ಷ 1936. ಆ ವರ್ಷ ಅವರು ಲೀಲಾ ಆಳ್ವರನ್ನು ವಿವಾಹವಾದರು. ಬ್ರಾಹ್ಮಣ ವರ, ಬಂಟ ವಧು. ಅಂದಿನ ಕರಾವಳಿಯಲ್ಲಿ ಇಂಥ ಮದುವೆಗೆ ಎಷ್ಟು ಧೈರ್ಯ ಬೇಕಿತ್ತೆಂಬುದನ್ನು ನಮ್ಮ ಹಿರಿಯರು ಬಲ್ಲರು. ಅದೇ ಹೊತ್ತಿನಲ್ಲಿ ಮಕ್ಕಳಿಗಾಗಿ ಬಾಲ ಪ್ರಪಂಚ ಎಂಬ ವಿಶ್ವಕೋಶ ಮೂರು ಸಂಪುಟಗಳಲ್ಲಿ ಹೊರಬಂದಿತು. ವಿದ್ವಾಂಸರ ಮಂಡಲಿ, ಸರಕಾರದ ಯೋಜನೆ, ಸಂಪಾದಕ ವರ್ಗ ಯಾವುದೂ ಇಲ್ಲದೆ ಕಾಲೇಜು ಬಿಟ್ಟ ಒಬ್ಬ ಮನುಷ್ಯ ಜಗತ್ತಿನ ಸಂಗತಿಗಳನ್ನೆಲ್ಲ ಕನ್ನಡದ ಮಗುವಿಗೆ ಕನ್ನಡದಲ್ಲೇ ಹೇಳಹೊರಟ ಸಾಹಸವದು. ಮುಂದೆ 1959ರಿಂದ ವಿಜ್ಞಾನ ಪ್ರಪಂಚದ ಸಂಪುಟಗಳನ್ನೂ ಒಬ್ಬರೇ ಬರೆದರು. ನಡೆದಾಡುವ ವಿಶ್ವಕೋಶ ಎಂಬ ಬಿರುದು ಅವರಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ.

ಬಾಲವನದಲ್ಲಿ ಅವರು ಮಕ್ಕಳನ್ನು ಕೂಡಿಸಿಕೊಂಡು ಕುಣಿಸಿದರು, ಹಾಡಿಸಿದರು, ನಾಟಕ ಕಟ್ಟಿದರು. ಶಾಲೆಯ ಬೆಂಚಿನ ಮೇಲೆ ಕೂರಿಸಿ ಬಾಯಿಪಾಠ ಒಪ್ಪಿಸುವ ವಿದ್ಯೆಯ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಆ ಅಪನಂಬಿಕೆಯನ್ನು ಲೇಖನ ಬರೆದು ತೀರಿಸಿಕೊಳ್ಳದೆ ಸ್ವಂತ ಮಕ್ಕಳ ಮೇಲೆಯೇ ಪರೀಕ್ಷೆಗೆ ಒಡ್ಡಿದರು. ಎಳವೆಯಲ್ಲಿ ಅವರ ಮಕ್ಕಳಿಗೆ ಶಾಲೆಯ ಬದಲು ಮನೆಯೇ ಪಾಠಶಾಲೆಯಾಗಿತ್ತು. ಗುಡ್ಡ, ಗಿಡ, ಹಕ್ಕಿ, ಪುಸ್ತಕದ ಕಪಾಟು, ಮುದ್ರಣದ ಯಂತ್ರ, ಬಂದುಹೋಗುವ ಕಲಾವಿದರು ಇವೆಲ್ಲ ಪಾಠವೇ. ಆ ಕಾಲದ ನೆರೆಹೊರೆಗೆ ಇದು ಹುಚ್ಚೆಂದು ಕಂಡಿದ್ದರೆ ಆಶ್ಚರ್ಯವಿಲ್ಲ. ಇಂದಿಗೂ ಕೆ.ಜಿ. ಪ್ರವೇಶಕ್ಕೆ ವರ್ಷ ಮೊದಲೇ ಸಾಲು ನಿಲ್ಲುವ ನಮಗೆ ಹಾಗೆಯೇ ಕಂಡೀತು.

ಹಿರಿಯ ಮಗ ಹರ್ಷ ಎಳೆಯ ಪ್ರಾಯದಲ್ಲೇ ತೀರಿಕೊಂಡದ್ದು ಆ ಮನೆಯ ದೊಡ್ಡ ದುಃಖ. ಉಳಿದವರಲ್ಲಿ ಮಾಳವಿಕಾ ಕಪೂರ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಃಶಾಸ್ತ್ರದ ಪ್ರಾಧ್ಯಾಪಕರಾದರು. ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು, ಹುಲಿಗಳನ್ನು ಅಧ್ಯಯನ ಮಾಡುವ ವಿಜ್ಞಾನಿಯಾಗಿ ಜಗತ್ತಿಗೆ ಪರಿಚಿತರಾದರು. ಇವರಿಬ್ಬರೂ ಸೋದರಿ ಕ್ಷಮಾ ಅವರೊಂದಿಗೆ ಸೇರಿ ತಂದೆಯ ನೆನಪುಗಳನ್ನು 2021ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿಸಿದ್ದಾರೆ. ಮಕ್ಕಳು ದೊಡ್ಡವರಾದದ್ದರಿಂದ ವಿಧಾನವೇ ಸರಿಯೆಂದು ಸಾಧಿಸಿದಂತಾಯಿತು ಎಂದು ನಾನು ವಾದಿಸುವುದಿಲ್ಲ. ಎಲ್ಲ ಮನೆಗಳಲ್ಲೂ ಕಾರಂತರಿರುವುದಿಲ್ಲ. ಲೀಲಾ ಅವರಂಥ ತಾಯಿಯೂ ಇರುವುದಿಲ್ಲ. ಗಂಡನ ಹತ್ತು ಹುಚ್ಚುಗಳ ನಡುವೆ ಸಂಸಾರದ ಬಂಡಿ ಉರುಳುತ್ತಿದ್ದುದರಲ್ಲಿ ಆಕೆಯ ಪಾಲನ್ನು ನಾವು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಇಲ್ಲಿ ರಾತ್ರಿಪಾಳಿ ಮುಗಿಸಿ ಬರುವ ನರ್ಸ್ ತಾಯಿಗೆ, ಹನ್ನೆರಡು ಗಂಟೆ ಅಂಗಡಿಯಲ್ಲಿ ನಿಲ್ಲುವ ತಂದೆಗೆ ಬಾಲವನ ಕಟ್ಟಿರೆಂದು ಹೇಳುವುದು ಕ್ರೌರ್ಯವಾದೀತು.

ಆದರೂ ಆ ಮನೆಯಿಂದ ದಾರ್ಸೈಟಿನ ಫ್ಲ್ಯಾಟಿಗೆ ತರಬಹುದಾದ ಒಂದು ಸಂಗತಿಯಿದೆ. ಮಗು ದೊಡ್ಡವರ ಕೆಲಸದ ಪಕ್ಕದಲ್ಲಿರಬೇಕು. ನಾವು ಕೆಲಸ ಮುಗಿಸಿಕೊಳ್ಳಲೆಂದು ಮಗುವಿಗೆ ಮೊಬೈಲು ಕೊಟ್ಟು ಬದಿಗೆ ಕೂರಿಸುತ್ತೇವೆ. ಆ ಕೆಲಸದಲ್ಲೇ ಒಂದು ಚೂರನ್ನು ಅದರ ಕೈಗೆ ಕೊಟ್ಟರೆ ಸಿದ್ಧತೆಯೂ ಬೇಡ, ಖರ್ಚೂ ಇಲ್ಲ. ಚಪಾತಿಯ ಹಿಟ್ಟಿನ ಒಂದು ಉಂಡೆ, ಸುಲಿಯಲು ಬಟಾಣಿ, ಮಡಚಲು ಕರವಸ್ತ್ರ, ಜೋಡಿ ಹುಡುಕಲು ಒಗೆದ ಕಾಲುಚೀಲಗಳು. ಬೆಂಡೆಕಾಯಿಯ ತೊಟ್ಟು ಕತ್ತರಿಸಿ ಎಸೆಯುವ ಮೊದಲು ಅರಿಸಿನದ ನೀರಿನಲ್ಲಿ ಅದ್ದಿ ಹಳೆಯ ಕಾಗದದ ಮೇಲೆ ಒತ್ತಿದರೆ ಐದು ಮೂಲೆಯ ಹೂವು ಮೂಡುತ್ತದೆ. ಅದನ್ನು ಮೊದಲ ಸಲ ಕಂಡ ಮಗುವಿನ ಮುಖವನ್ನು ನೋಡಬೇಕು.

ಇದರಲ್ಲಿ ವೈದ್ಯಕೀಯವೇನು ಎಂದು ಕೇಳಬಹುದು. ಒಂದು ವರ್ಷದ ಹೊತ್ತಿಗೆ ಮಗು ಹೆಬ್ಬೆರಳು ತೋರುಬೆರಳುಗಳ ನಡುವೆ ಸಣ್ಣ ಕಾಳನ್ನು ಎತ್ತಬಲ್ಲುದು. ಮೂರು ವರ್ಷಕ್ಕೆ ವೃತ್ತವನ್ನು, ನಾಲ್ಕಕ್ಕೆ ಕೂಡಿಸುವ ಚಿಹ್ನೆಯನ್ನು, ಐದಕ್ಕೆ ತ್ರಿಕೋನವನ್ನು ನೋಡಿ ಬರೆಯಬಲ್ಲುದು. ಈ ಮೆಟ್ಟಿಲುಗಳನ್ನು ನಾವು ವೈದ್ಯ ವಿದ್ಯಾರ್ಥಿಗಳಾಗಿದ್ದಾಗ ಕಂಠಪಾಠ ಮಾಡಿದ್ದೆವು. ಬೆರಳು ಹಿಂಡಿ, ಹರಿದು, ತಿರುಚಿ, ಎತ್ತಿ ಬಲಿತರೆ ಪೆನ್ಸಿಲು ತಾನಾಗಿ ಹಿಡಿತಕ್ಕೆ ಬರುತ್ತದೆ. ನುಣುಪಾದ ಗಾಜಿನ ಮೇಲೆ ಜಾರಿಸುವುದರಿಂದ ಆ ಬಲ ಬಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಸೂಚನೆಯಂತೆ ಒಂದು ವರ್ಷ ತುಂಬದ ಮಗುವಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯೊಳಗೆ, ಅದೂ ಕಡಿಮೆಯಾದಷ್ಟು ಒಳ್ಳೆಯದು. ನನ್ನ ಬಳಿ ಬರುವ ಮನೆಗಳಲ್ಲಿ ಈ ಲೆಕ್ಕ ಬೆಳಗಿನ ತಿಂಡಿಗೇ ಮುಗಿದಿರುತ್ತದೆ.

ಕಾರಂತರಿಗೆ ಸಮಕಾಲೀನರಾಗಿ, ಸಾವಿರಾರು ಮೈಲಿ ಆಚೆಯಿಂದ ಇದೇ ಜಾಡಿಗೆ ಬಂದವರು ಇಟಲಿಯ ಮಾರಿಯಾ ಮಾಂಟೆಸೊರಿ. ಆಕೆ ವೈದ್ಯೆ. 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮೊದಲ ಮಕ್ಕಳಮನೆ ತೆರೆದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಶಿಕ್ಷಕರ ತರಬೇತಿಗೆಂದು ಬಂದವರು ಮಹಾಯುದ್ಧದಲ್ಲಿ ಸಿಲುಕಿ 1946ರವರೆಗೆ ಭಾರತದಲ್ಲೇ ಉಳಿಯಬೇಕಾಯಿತು. ನೀರು ಸುರಿಯುವುದು, ಧೂಳು ಒರೆಸುವುದು, ಗುಂಡಿ ಹಾಕುವುದು ಮುಂತಾದ ಮನೆಗೆಲಸವನ್ನೇ ಆಕೆ ಪಾಠವಾಗಿಸಿದರು. ಇಂದು ಆಕೆಯ ಹೆಸರಿನಲ್ಲಿ ದುಬಾರಿ ಮರದ ಪೆಟ್ಟಿಗೆಗಳು ಮಾರಾಟವಾಗುವುದನ್ನು ಕಂಡಾಗ ನನಗೆ ನಗು ಬರುತ್ತದೆ.

ಕಾರಂತರ ಬದುಕಿನಲ್ಲಿ ಇನ್ನೊಂದು ಎಳೆಯಿದೆ. ವಿದೇಶಕ್ಕೆ ಹೊರಡುವವರೂ ಅವರನ್ನು ಕಳುಹಿಸಿದವರೂ ಅದನ್ನು ಗಮನಿಸಬೇಕು. 1943ರ ಬೆಟ್ಟದ ಜೀವದಲ್ಲಿ ಕಾಡಿನ ನಡುವೆ ತೋಟ ಮಾಡಿದ ಗೋಪಾಲಯ್ಯ ಮತ್ತು ಶಂಕರಮ್ಮ ಮನೆಬಿಟ್ಟು ಹೋದ ಮಗನಿಗಾಗಿ ಹಂಬಲಿಸುತ್ತಾರೆ. ಮರಳಿ ಮಣ್ಣಿಗೆಯಲ್ಲಿ ಮೂರು ತಲೆಮಾರುಗಳ ಕಥೆ ಸಾಗಿ, ಹೊರಗೆ ಓದಿದ ಮೊಮ್ಮಗ ಕಡಲತಡಿಯ ಊರಿಗೆ ಹಿಂದಿರುಗುತ್ತಾನೆ. ವಿದ್ಯೆ ಮಕ್ಕಳನ್ನು ಮನೆಯಿಂದ ದೂರ ಒಯ್ಯುತ್ತದೆ ಎಂಬುದನ್ನು ಅವರು ನಮಗಿಂತ ಬಹಳ ಮೊದಲೇ ಬಲ್ಲವರಾಗಿದ್ದರು. ಮೂಕಜ್ಜಿಯ ಕನಸುಗಳು ಅವರಿಗೆ 1977ರ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಕೃತಿ. ಅದರ ಮುದುಕಿ ಹಳೆಯ ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲವನ್ನೇ ಕಾಣುತ್ತಾಳೆ. ಮುಟ್ಟಿ ತಿಳಿಯುವುದರ ಮೇಲೆ ಇವರಿಗಿದ್ದ ವಿಶ್ವಾಸ ಆ ಪಾತ್ರಕ್ಕೂ ಇಳಿದಿದೆಯೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಮುಟ್ಟಿ ತಿಳಿಯುವ ಆಟಗಳಲ್ಲಿ ನಮ್ಮ ಕರಾವಳಿಯವರ ಬಳಿ ಒಂದು ನಿಧಿಯೇ ಇದೆ. ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಆಟಿ ತಿಂಗಳ ಜಡಿಮಳೆಯಲ್ಲಿ ಅಜ್ಜಿಯರು ಮೊಮ್ಮಕ್ಕಳನ್ನು ಕೂರಿಸಿ ಆಡುತ್ತಿದ್ದ ಈ ಆಟದಲ್ಲಿ ಎಣಿಕೆ, ಕೂಡಿಕೆ, ಮುಂದಿನ ನಡೆಯ ಊಹೆ, ಸರದಿಗಾಗಿ ಕಾಯುವ ತಾಳ್ಮೆ ಎಲ್ಲವೂ ಸೇರಿವೆ. ಒಮಾನಿನಲ್ಲಿಯೂ ಇದರ ದಾಯಾದಿಯಿದೆ. ಇಲ್ಲಿಯವರು ಮರಳಿನಲ್ಲಿ ನಾಲ್ಕು ಸಾಲು ಗುಳಿ ತೋಡಿ ಆಡುವ ಹವಾಲೀಸ್ ಅದೇ ಬಳಗದ್ದು. ಮಣೆಯಿಲ್ಲವೆಂದು ಕೊರಗಬೇಕಾಗಿಲ್ಲ. ಮೂವತ್ತು ಮೊಟ್ಟೆಯ ರಟ್ಟಿನ ಟ್ರೇಯಿಂದ ಎರಡು ಸಾಲು ಕತ್ತರಿಸಿಕೊಂಡರೆ ಒಂದು ಬದಿಗೆ ಆರು ಗುಳಿ ಸಿಗುತ್ತವೆ. ಏಳನೆಯದಿಲ್ಲದಿದ್ದರೂ ಆಟ ನಡೆಯುತ್ತದೆ. ಕಾಯಿಗೆ ಖರ್ಜೂರದ ಬೀಜ. 48 ಬೀಜ ಕೂಡಿಸುವುದಕ್ಕೆ ಈ ದೇಶದಲ್ಲಿ ಎಷ್ಟು ದಿನ ಬೇಕು? ತೊಳೆದು ಒಣಗಿಸಿದರೆ ಸಾಕು. ಊರಿನ ಅಜ್ಜಿ ವಿಡಿಯೊ ಕರೆಯಲ್ಲಿ ತಮ್ಮ ಮಣೆಯನ್ನು ಮುಂದಿಟ್ಟುಕೊಂಡು, ಇಲ್ಲಿಯ ಮೊಮ್ಮಗು ಮೊಟ್ಟೆಯ ಟ್ರೇ ಮುಂದಿಟ್ಟುಕೊಂಡು ಆಡಬಹುದು. ಎಣಿಸುವುದು ಕನ್ನಡದಲ್ಲೋ ತುಳುವಿನಲ್ಲೋ ಆಗಲಿ.

ಕಾರಂತರ ನಂತರದ ವರ್ಷಗಳನ್ನು ಬೇಗ ಹೇಳಿಬಿಡಬಹುದು. 1970ರ ದಶಕದಲ್ಲಿ ಪುತ್ತೂರು ಬಿಟ್ಟು ಹುಟ್ಟೂರಿನ ಮಗ್ಗುಲಿನ ಸಾಲಿಗ್ರಾಮಕ್ಕೆ ಹೋದರು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು.

ಬಾಲವನ ಈಗಲೂ ಇದೆ. ಮಂಗಳೂರಿನಿಂದ ಪುತ್ತೂರಿಗೆ ಸುಮಾರು 50 ಕಿಲೋಮೀಟರು. ಜೂನ್ ಜುಲೈ ರಜೆಗೆ ಊರಿಗೆ ಹೋಗುವವರು ಮಾಲ್‌ಗಳಿಗೆ ಮೀಸಲಿಟ್ಟ ಒಂದು ಮಧ್ಯಾಹ್ನವನ್ನು ಅಲ್ಲಿಗೆ ತಿರುಗಿಸಿದರೆ ಮಕ್ಕಳಿಗೆ ಆ ಮನೆಯನ್ನೂ ಗುಡ್ಡವನ್ನೂ ತೋರಿಸಬಹುದು. ಅಜ್ಜ ಅಜ್ಜಿಯರಲ್ಲಿ ಒಂದು ವಿನಂತಿ. ಮೊಮ್ಮಕ್ಕಳೊಂದಿಗೆ ಚೆನ್ನೆಮಣೆ ಆಡಲು ಬೀಜ ಹೆಕ್ಕುವಾಗ ಪೂರ್ತಿ ಕೆಂಪಗಿರುವ ಮಂಜೊಟ್ಟಿಯನ್ನೇ ಆರಿಸಿರಿ. ಕೆಂಪಿನ ತುದಿಯಲ್ಲಿ ಕಪ್ಪು ಕಣ್ಣಿರುವ ಗುಲಗಂಜಿ ನೋಡಲು ಎಷ್ಟೇ ಚೆಂದವಾಗಿದ್ದರೂ ಬೇಡ. ಅಗಿದರೆ ಅದು ಕಡುವಿಷ. ಮೂರು ವರ್ಷ ತುಂಬದ ಮಗುವಿನ ಕೈಗಂತೂ ಮಂಜೊಟ್ಟಿಯನ್ನೂ, ಖರ್ಜೂರದ ಬೀಜವನ್ನೂ, ಬಟಾಣಿಯನ್ನೂ ಕೊಟ್ಟು ಆಚೆ ಹೋಗಬಾರದು, ಗಂಟಲಿಗೆ ಸಿಕ್ಕೀತು. ಅಷ್ಟು ಚಿಕ್ಕವರಿಗೆ ಹಿಟ್ಟಿನ ಉಂಡೆಯೇ ಸರಿ, ಪಕ್ಕದಲ್ಲಿ ನೀವಿದ್ದರೆ.