ಪಾವೊ ನುರ್ಮಿ

ಪಾವೊ ಯೊಹಾನ್ನೆಸ್ ನುರ್ಮಿ (ಜೂನ್ ೧೩, ೧೮೯೭ – ಅಕ್ಟೋಬರ್ ೨, ೧೯೭೩) ಫಿನ್ಲೆಂಡ್ ದೇಶದ ಪ್ರಸಿದ್ಧ ಓಟಗಾರರು. ಮಧ್ಯಮ ಹಾಗೂ ದೀರ್ಘ ದೂರದ ಓಟಗಳಲ್ಲಿ ೧೯೨೦ರ ದಶಕವಿಡೀ ಅಗ್ರಸ್ಥಾನದಲ್ಲಿದ್ದ ಇವರು ಮೂರು ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಒಂಬತ್ತು ಚಿನ್ನ ಮತ್ತು ಮೂರು ಬೆಳ್ಳಿಯ ಪದಕಗಳನ್ನು ಗಳಿಸಿದರು. ೧,೫೦೦ ಮೀಟರಿನಿಂದ ೨೦ ಕಿಲೋಮೀಟರಿನವರೆಗಿನ ವಿವಿಧ ಓಟಗಳಲ್ಲಿ ೨೨ ಅಧಿಕೃತ ವಿಶ್ವದಾಖಲೆಗಳು ಇವರ ಹೆಸರಿನಲ್ಲಿದ್ದವು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಪ್ರತಿಸ್ಪರ್ಧಿಗಳಿಗಿಂತ ಹೆಚ್ಚಾಗಿ ಕಾಲದೊಡನೆ ಸ್ಪರ್ಧಿಸಿದ ಓಟಗಾರರೆಂದು ಇವರು ಖ್ಯಾತರು. ಪರಿಪೂರ್ಣತೆಯ ಗೀಳು ಒಬ್ಬ ಓಟಗಾರನಿಗೆ ಏನನ್ನು ಕೊಡಬಲ್ಲದು, ಅವನಿಂದ ಏನನ್ನು ಕಸಿದುಕೊಳ್ಳಬಲ್ಲದು ಎಂಬುದಕ್ಕೆ ಇವರ ಜೀವನವನ್ನು ಅನೇಕರು ನಿದರ್ಶನವಾಗಿ ನೀಡುತ್ತಾರೆ.

ಜನನ ಮತ್ತು ಬಾಲ್ಯ

ನುರ್ಮಿಯವರು ಫಿನ್ಲೆಂಡಿನ ತುರ್ಕು ನಗರದಲ್ಲಿ ಜನಿಸಿದರು. ಆಗ ಫಿನ್ಲೆಂಡ್ ರಷ್ಯಾ ಸಾಮ್ರಾಜ್ಯಕ್ಕೆ ಅಧೀನವಾಗಿತ್ತು. ತಂದೆ ಯೊಹಾನ್ ಬಡಗಿ ವೃತ್ತಿಯವರು, ತಾಯಿ ಮಟಿಲ್ಡಾ. ಐವರು ಮಕ್ಕಳಲ್ಲಿ ಪಾವೊ ಹಿರಿಯರು. ೧೯೧೦ರಲ್ಲಿ ತಂದೆ ತೀರಿಕೊಂಡಾಗ ಕುಟುಂಬ ಕಡುಬಡತನಕ್ಕೆ ಸಿಲುಕಿತು. ಮನೆಯ ಅಡುಗೆಕೋಣೆಯನ್ನು ಬೇರೊಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ತಾಯಿ ಮತ್ತು ಮಕ್ಕಳು ಒಂದೇ ಕೋಣೆಯಲ್ಲಿ ವಾಸಿಸಬೇಕಾಯಿತು. ಓದಿನಲ್ಲಿ ಚುರುಕಾಗಿದ್ದರೂ ಪಾವೊ ಶಾಲೆ ಬಿಟ್ಟು ಬೇಕರಿಯೊಂದರಲ್ಲಿ ಸಾಮಾನು ಸಾಗಿಸುವ ಹುಡುಗನಾಗಿ ಕೆಲಸಕ್ಕೆ ಸೇರಿದರು. ಭಾರವಾದ ಕೈಗಾಡಿಯನ್ನು ನಗರದ ಏರುದಾರಿಗಳಲ್ಲಿ ತಳ್ಳುತ್ತಿದ್ದುದರಿಂದಲೇ ತಮ್ಮ ಬೆನ್ನು ಮತ್ತು ಕಾಲುಗಳು ಬಲಗೊಂಡವೆಂದು ಅವರು ಮುಂದೆ ನಂಬಿದ್ದರು.

೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅದೇ ದೇಶದ ಹಾನ್ನೆಸ್ ಕೊಲೆಹ್ಮೈನೆನ್ ಗಳಿಸಿದ ವಿಜಯಗಳು ಹದಿನೈದರ ಹರೆಯದ ನುರ್ಮಿಯವರ ಬದುಕಿನ ದಿಕ್ಕನ್ನು ಬದಲಿಸಿದವು. ಅವರು ಓಟದ ಶೂಗಳನ್ನು ಕೊಂಡು ಒಬ್ಬರೇ ಅಭ್ಯಾಸ ಆರಂಭಿಸಿದರು. ಕೆಲವು ವರ್ಷಗಳ ಕಾಲ ಮಾಂಸ, ಕಾಫಿ, ಚಹಾ ಮತ್ತು ಮದ್ಯವನ್ನು ವರ್ಜಿಸಿ ಕಟ್ಟುನಿಟ್ಟಿನ ನಿಯಮಗಳಿಂದ ಬದುಕಿದರು. ೧೯೧೪ರಲ್ಲಿ ತುರ್ಕುವಿನ ಕ್ರೀಡಾಸಂಘವನ್ನು ಸೇರಿದರು. ೧೯೧೯ರಲ್ಲಿ ಸೈನಿಕ ಸೇವೆ ಆರಂಭವಾಯಿತು. ಹೆಗಲಿಗೆ ಬಂದೂಕು, ಬೆನ್ನಿಗೆ ಮರಳು ತುಂಬಿದ ಚೀಲ ಹೊತ್ತು ಸಾಗಬೇಕಿದ್ದ ಸೈನಿಕರ ನಡಿಗೆಯ ಸ್ಪರ್ಧೆಯಲ್ಲಿ ನುರ್ಮಿಯವರು ಪೂರ್ತಿ ದೂರವನ್ನು ಓಡಿಯೇ ಮುಗಿಸಿದರು. ಅವರು ಅಷ್ಟು ಬೇಗ ಗುರಿ ಮುಟ್ಟಿದ್ದನ್ನು ಕಂಡು ಅಡ್ಡದಾರಿ ಹಿಡಿದಿರಬೇಕೆಂದು ಕೆಲವರು ಶಂಕಿಸಿದರು.

ಆಂಟ್‌ವರ್ಪ್ ಮತ್ತು ಸ್ಟಾಪ್‌ವಾಚ್

೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ನುರ್ಮಿಯವರು ೧೦,೦೦೦ ಮೀಟರ್ ಓಟ, ಗುಡ್ಡಗಾಡು ಓಟ ಮತ್ತು ತಂಡದ ಗುಡ್ಡಗಾಡು ಓಟಗಳಲ್ಲಿ ಚಿನ್ನದ ಪದಕ ಪಡೆದರು. ಇದೇ ಕೂಟದ ಮ್ಯಾರಥಾನ್ ಓಟವನ್ನು ಅವರ ಆದರ್ಶ ಪುರುಷ ಕೊಲೆಹ್ಮೈನೆನ್ ಗೆದ್ದರು. ಆ ಓಟದಲ್ಲಿ ಕರ್ನಾಟಕದ ಬೆಳಗಾವಿಯ ಫಡೆಪ್ಪ ಚೌಗುಲೆಯವರು ಭಾರತದ ಪರವಾಗಿ ಓಡಿ ೧೯ನೆಯ ಸ್ಥಾನ ಗಳಿಸಿದರು.

೫,೦೦೦ ಮೀಟರ್ ಓಟದಲ್ಲಿ ನುರ್ಮಿಯವರು ಫ್ರಾನ್ಸಿನ ಜೋಸೆಫ್ ಗಿಯೆಮೊ ಅವರಿಗೆ ಸೋತರು. ಒಲಿಂಪಿಕ್ ಅಂತಿಮ ಓಟವೊಂದರಲ್ಲಿ ಅವರು ಪರದೇಶದ ಓಟಗಾರರಿಗೆ ಸೋತದ್ದು ಇದೊಂದೇ ಸಲ. ಆರಂಭದಲ್ಲಿ ವೇಗವಾಗಿ ಓಡಿ ಕೊನೆಗೆ ಬಳಲುವುದು ವ್ಯರ್ಥವೆಂದು ಮನಗಂಡ ಅವರು, ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ ಸಮವೇಗವನ್ನು ಕಾಯ್ದುಕೊಳ್ಳುವ ಕ್ರಮವನ್ನು ರೂಢಿಸಿಕೊಂಡರು. ಅಭ್ಯಾಸದಲ್ಲಿಯೂ ಸ್ಪರ್ಧೆಯಲ್ಲಿಯೂ ಸ್ಟಾಪ್‌ವಾಚ್ ಅವರ ಕೈಬಿಡದ ಸಂಗಾತಿಯಾಯಿತು. ಪ್ರತಿ ಸುತ್ತಿನ ಕಾಲವನ್ನು ಮೊದಲೇ ಗೊತ್ತುಮಾಡಿಕೊಂಡು, ಪಕ್ಕದಲ್ಲಿ ಯಾರು ಓಡುತ್ತಿದ್ದಾರೆಂಬುದನ್ನು ಲಕ್ಷಿಸದೆ ಓಡುತ್ತಿದ್ದರು. ಇದನ್ನು ಯಂತ್ರದ ಓಟವೆಂದು ಟೀಕಿಸಿದವರೂ ಇದ್ದರು. ೧೯೨೧ರಲ್ಲಿ ೧೦,೦೦೦ ಮೀಟರ್ ಓಟದ ವಿಶ್ವದಾಖಲೆ ಅವರದಾಯಿತು. ೧೯೨೩ರಲ್ಲಿ ಒಂದು ಮೈಲಿಯನ್ನು ೪ ನಿಮಿಷ ೧೦.೪ ಸೆಕೆಂಡುಗಳಲ್ಲಿ ಓಡಿದರು. ಹೀಗೆ ಒಂದು ಮೈಲಿ, ೫,೦೦೦ ಮೀಟರ್ ಮತ್ತು ೧೦,೦೦೦ ಮೀಟರ್ ಓಟಗಳ ವಿಶ್ವದಾಖಲೆಗಳು ಏಕಕಾಲದಲ್ಲಿ ಒಬ್ಬರ ಹೆಸರಿನಲ್ಲಿ ಇದ್ದುದು ನುರ್ಮಿಯವರೊಬ್ಬರ ಕಾಲದಲ್ಲಿ ಮಾತ್ರ.

ಪ್ಯಾರಿಸ್ ಒಲಿಂಪಿಕ್ಸ್

೧೯೨೪ರ ಪ್ಯಾರಿಸ್ ಕೂಟದಲ್ಲಿ ೧,೫೦೦ ಮೀಟರ್ ಮತ್ತು ೫,೦೦೦ ಮೀಟರ್ ಅಂತಿಮ ಓಟಗಳು ಒಂದೇ ದಿನ, ಎರಡು ಗಂಟೆಗೂ ಕಡಿಮೆ ಅಂತರದಲ್ಲಿ ನಿಗದಿಯಾಗಿದ್ದವು. ಇದು ಸಾಧ್ಯವೇ ಎಂದು ಪರೀಕ್ಷಿಸಲು ನುರ್ಮಿಯವರು ಮೂರು ವಾರ ಮುಂಚೆ, ಜೂನ್ ೧೯ರಂದು, ಹೆಲ್ಸಿಂಕಿಯಲ್ಲಿ ಎರಡೂ ದೂರಗಳನ್ನು ಒಂದರ ಹಿಂದೆ ಒಂದರಂತೆ ಓಡಿ ನೋಡಿದರು. ೧,೫೦೦ ಮೀಟರನ್ನು ೩ ನಿಮಿಷ ೫೨.೬ ಸೆಕೆಂಡು ಮತ್ತು ೫,೦೦೦ ಮೀಟರನ್ನು ೧೪ ನಿಮಿಷ ೨೮.೨ ಸೆಕೆಂಡುಗಳಲ್ಲಿ ಮುಗಿಸಿದರು. ಎರಡೂ ವಿಶ್ವದಾಖಲೆಗಳಾದವು. ಜುಲೈ ೧೦ರಂದು ಪ್ಯಾರಿಸ್ಸಿನಲ್ಲಿ ಎರಡೂ ಓಟಗಳನ್ನು ಗೆದ್ದರು. ಕೊನೆಯ ಹಂತದಲ್ಲಿ ಗಡಿಯಾರವನ್ನು ಒಮ್ಮೆ ನೋಡಿ ಹುಲ್ಲಿನ ಮೇಲೆ ಎಸೆದು ಮುಂದೆ ಸಾಗಿದ ಅವರ ರೀತಿ ಪ್ರೇಕ್ಷಕರ ನೆನಪಿನಲ್ಲಿ ಉಳಿಯಿತು.

ಎರಡು ದಿನಗಳ ನಂತರ ನಡೆದ ಗುಡ್ಡಗಾಡು ಓಟದ ದಿನ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಓಟ ಆರಂಭಿಸಿದ ೩೮ ಮಂದಿಯಲ್ಲಿ ೧೫ ಮಂದಿ ಮಾತ್ರ ಗುರಿ ಮುಟ್ಟಿದರು. ಹಲವರು ದಾರಿಯಲ್ಲಿಯೇ ಕುಸಿದರು. ನುರ್ಮಿಯವರು ಒಂದು ನಿಮಿಷಕ್ಕೂ ಮಿಗಿಲಾದ ಅಂತರದಿಂದ ಗೆದ್ದರು. ಮರುದಿನ ತಂಡದ ೩,೦೦೦ ಮೀಟರ್ ಓಟದಲ್ಲಿಯೂ ಚಿನ್ನ ಪಡೆದು ಒಂದೇ ಕೂಟದಲ್ಲಿ ಐದು ಚಿನ್ನದ ಪದಕಗಳನ್ನು ಪೂರೈಸಿದರು. ಆದರೆ ೧೦,೦೦೦ ಮೀಟರ್ ಓಟಕ್ಕೆ ಫಿನ್ಲೆಂಡಿನ ಅಧಿಕಾರಿಗಳು ಅವರ ಹೆಸರನ್ನು ಸೇರಿಸಿರಲಿಲ್ಲ. ಈ ಅಸಮಾಧಾನಕ್ಕೆ ಅವರು ಓಟದಿಂದಲೇ ಉತ್ತರ ನೀಡಿದರು. ಆಗಸ್ಟ್ ೩೧ರಂದು ಕುವೊಪಿಯೊ ನಗರದಲ್ಲಿ ಆ ದೂರವನ್ನು ೩೦ ನಿಮಿಷ ೬.೨ ಸೆಕೆಂಡುಗಳಲ್ಲಿ ಓಡಿ ಸ್ಥಾಪಿಸಿದ ದಾಖಲೆ ಸುಮಾರು ಹದಿಮೂರು ವರ್ಷ ಅಳಿಯದೆ ಉಳಿಯಿತು.

ಮುಂದಿನ ಸಾಧನೆಗಳು

೧೯೨೫ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಐದು ತಿಂಗಳು ಪ್ರವಾಸ ಮಾಡಿ ೫೫ ಓಟಗಳಲ್ಲಿ ಭಾಗವಹಿಸಿ ೫೧ನ್ನು ಗೆದ್ದರು. ೧೯೨೮ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ೧೦,೦೦೦ ಮೀಟರ್ ಓಟದಲ್ಲಿ ಚಿನ್ನ, ೫,೦೦೦ ಮೀಟರ್ ಓಟ ಮತ್ತು ಸ್ಟೀಪಲ್‌ಚೇಸ್‌ಗಳಲ್ಲಿ ಬೆಳ್ಳಿ ಗಳಿಸಿದರು. ಸ್ಟೀಪಲ್‌ಚೇಸ್ ಪ್ರಾಥಮಿಕ ಸುತ್ತಿನಲ್ಲಿ ಅವರು ನೀರಿನ ಹೊಂಡಕ್ಕೆ ಬಿದ್ದರು, ಗಡಿಯಾರವೂ ಕೆಟ್ಟಿತು. ಫ್ರಾನ್ಸಿನ ಲೂಸಿಯೆನ್ ದ್ಯುಕೆನ್ ತಮ್ಮ ಓಟ ನಿಲ್ಲಿಸಿ ಅವರನ್ನು ಮೇಲೆತ್ತಿದರು. ಮಿತಭಾಷಿಯೂ ಒಂಟಿಗರೂ ಎಂದು ಹೆಸರಾಗಿದ್ದ ನುರ್ಮಿಯವರು ಉಳಿದ ದೂರವನ್ನು ಅವರ ಜೊತೆಗೂಡಿ ಓಡಿ, ಕೊನೆಗೆ ಮೊದಲ ಸ್ಥಾನವನ್ನೇ ಅವರಿಗೆ ಬಿಟ್ಟುಕೊಡಲು ಮುಂದಾದರು. ದ್ಯುಕೆನ್ ಅದನ್ನು ಒಪ್ಪಲಿಲ್ಲ. ಅದೇ ವರ್ಷ ಬರ್ಲಿನ್‌ನಲ್ಲಿ ಒಂದು ಗಂಟೆಯಲ್ಲಿ ೧೯,೨೧೦ ಮೀಟರ್ ಓಡಿ ಸ್ಥಾಪಿಸಿದ ದಾಖಲೆ ೧೯೪೫ರವರೆಗೆ ನಿಂತಿತು.

ನಿಷೇಧ ಮತ್ತು ನಿವೃತ್ತಿ

ಕೊಲೆಹ್ಮೈನೆನ್ ಅವರಂತೆ ಮ್ಯಾರಥಾನ್ ಚಿನ್ನದೊಂದಿಗೆ ಓಟ ಮುಗಿಸುವುದು ನುರ್ಮಿಯವರ ಬಯಕೆಯಾಗಿತ್ತು. ಆದರೆ ಪ್ರವಾಸದ ಖರ್ಚಿನ ಹೆಸರಿನಲ್ಲಿ ನಿಯಮ ಮೀರಿ ಹಣ ಪಡೆದರೆಂಬ ಆರೋಪದ ಮೇಲೆ ಅಂತರರಾಷ್ಟ್ರೀಯ ಹವ್ಯಾಸಿ ಅಥ್ಲೆಟಿಕ್ ಒಕ್ಕೂಟವು ೧೯೩೨ರಲ್ಲಿ ಅವರನ್ನು ನಿಷೇಧಿಸಿತು. ಕಾಲಿನ ನೋವನ್ನು ಲೆಕ್ಕಿಸದೆ ಲಾಸ್ ಏಂಜಲೀಸ್‌ಗೆ ಹೋಗಿ ಅಭ್ಯಾಸ ಮುಂದುವರಿಸಿದರೂ ಸ್ಪರ್ಧಿಸುವ ಅವಕಾಶ ದೊರೆಯಲಿಲ್ಲ. ಸ್ವದೇಶದಲ್ಲಿ ಮಾತ್ರ ಓಡಲು ಅನುಮತಿ ಇದ್ದುದರಿಂದ, ೧೯೩೩ರಲ್ಲಿ ೩೬ನೆಯ ವಯಸ್ಸಿನಲ್ಲಿ ೧,೫೦೦ ಮೀಟರ್ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ೧೯೩೪ರಲ್ಲಿ ನಿವೃತ್ತರಾದರು. ೧೦,೦೦೦ ಮೀಟರ್ ಓಟದಲ್ಲಾಗಲಿ ಗುಡ್ಡಗಾಡು ಓಟದಲ್ಲಾಗಲಿ ಅವರು ಕೊನೆಯವರೆಗೂ ಸೋಲಲಿಲ್ಲ.

ವೈಯಕ್ತಿಕ ಜೀವನ

೧೯೩೨ರಲ್ಲಿ ಸಿಲ್ವಿ ಲಾಕ್ಸೊನೆನ್ ಅವರನ್ನು ವಿವಾಹವಾದರು. ಮರುವರ್ಷ ಮಗ ಹುಟ್ಟಿದನು. ಪತ್ನಿಗೆ ಕ್ರೀಡೆಯಲ್ಲಿ ಆಸಕ್ತಿಯಿರಲಿಲ್ಲ. ಹಸುಗೂಸನ್ನು ಓಟಗಾರನನ್ನಾಗಿ ಬೆಳೆಸಬೇಕೆಂಬ ಪತಿಯ ಹಟವನ್ನು ಅವರು ವಿರೋಧಿಸಿದರು. ಪತಿಯ ಮನಸ್ಸೆಲ್ಲ ಓಟದಲ್ಲೇ ನೆಟ್ಟಿರುವುದೇ ವಿಚ್ಛೇದನಕ್ಕೆ ಕಾರಣವೆಂದು ಅವರು ಬಹಿರಂಗವಾಗಿ ತಿಳಿಸಿದರು. ೧೯೩೫ರಲ್ಲಿ ದಂಪತಿಗಳು ಬೇರ್ಪಟ್ಟರು. ನುರ್ಮಿಯವರು ಮುಂದೆ ಹೆಲ್ಸಿಂಕಿಯಲ್ಲಿ ಗಂಡಸರ ಉಡುಪಿನ ಅಂಗಡಿ ತೆರೆದರು. ಕಟ್ಟಡ ನಿರ್ಮಾಣ ಮತ್ತು ಷೇರು ವ್ಯವಹಾರಗಳಲ್ಲಿಯೂ ಅದೇ ಲೆಕ್ಕಾಚಾರದಿಂದ ತೊಡಗಿ ಶ್ರೀಮಂತರಾದರು. ೧೯೪೦ರಲ್ಲಿ ಯುದ್ಧಪೀಡಿತ ಫಿನ್ಲೆಂಡಿಗೆ ನೆರವು ಸಂಗ್ರಹಿಸಲು ಓಟಗಾರ ತೈಸ್ತೊ ಮಾಕಿಯವರೊಡನೆ ಅಮೆರಿಕದಲ್ಲಿ ಸಂಚರಿಸಿದರು.

ಪರಿಪೂರ್ಣತೆಯ ಗೀಳು

ದೂರದ ಓಟದ ಫಲಿತಾಂಶ ಸೆಕೆಂಡಿನ ಭಾಗಗಳಲ್ಲಿ ಅಳೆಯಲ್ಪಡುವಂಥದು. ನಿನ್ನೆಯ ಕಾಲವನ್ನು ಇಂದು ಮೀರಬಹುದೆಂಬ ಆಸೆಗೆ ಅಲ್ಲಿ ಕೊನೆಯಿಲ್ಲ. ಮನೋವಿಜ್ಞಾನಿಗಳಾದ ಪಾಲ್ ಹ್ಯೂವಿಟ್ ಮತ್ತು ಗಾರ್ಡನ್ ಫ್ಲೆಟ್ ೧೯೯೧ರಲ್ಲಿ ಪರಿಪೂರ್ಣತೆಯ ಹಂಬಲದಲ್ಲಿ ಮೂರು ಬಗೆಗಳನ್ನು ಗುರುತಿಸಿದರು. ತನ್ನಿಂದ ದೋಷರಹಿತ ಸಾಧನೆಯನ್ನು ನಿರೀಕ್ಷಿಸುವುದು ಮೊದಲನೆಯದು. ಇತರರಿಂದ ಅದನ್ನೇ ನಿರೀಕ್ಷಿಸುವುದು ಎರಡನೆಯದು. ಲೋಕವು ತನ್ನಿಂದ ಅದನ್ನು ನಿರೀಕ್ಷಿಸುತ್ತಿದೆ ಎಂದು ಭಾವಿಸುವುದು ಮೂರನೆಯದು. ನುರ್ಮಿಯವರ ಓಟದ ಮೈದಾನದಲ್ಲಿ ಮೊದಲನೆಯ ಬಗೆಯೂ, ಸಂಸಾರದಲ್ಲಿ ಎರಡನೆಯ ಬಗೆಯೂ ಕಾಣಸಿಗುತ್ತವೆ. ಗೆಲುವುಗಳಿಂದ ಅವರಿಗೆ ತೃಪ್ತಿ ದೊರೆತಂತೆ ತೋರುವುದಿಲ್ಲ. ತಮ್ಮ ಆರಂಭದ ಅಭ್ಯಾಸದಲ್ಲಿ ನಡಿಗೆ ಮತ್ತು ನಿಧಾನದ ಓಟ ಹೆಚ್ಚಾಗಿ, ವೇಗದ ಅಭ್ಯಾಸ ಕಡಿಮೆಯಾಗಿತ್ತೆಂದು ಅವರು ತಮ್ಮನ್ನೇ ಟೀಕಿಸಿಕೊಂಡರು.

ಕೊನೆಯ ದಿನಗಳು ಮತ್ತು ಗೌರವಗಳು

೧೯೨೫ರಲ್ಲಿ ಶಿಲ್ಪಿ ವೈನೊ ಆಲ್ತೊನೆನ್ ನುರ್ಮಿಯವರ ಕಂಚಿನ ಪ್ರತಿಮೆಯನ್ನು ರಚಿಸಿದರು. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ನಿಷೇಧಕ್ಕೊಳಗಾಗಿದ್ದ ಅದೇ ನುರ್ಮಿಯವರು ಜ್ಯೋತಿ ಹಿಡಿದು ಕ್ರೀಡಾಂಗಣ ಪ್ರವೇಶಿಸಿದಾಗ ಜನಸ್ತೋಮ ಎದ್ದು ನಿಂತು ಜಯಘೋಷ ಮಾಡಿತು. ೧೯೮೭ರಲ್ಲಿ ಫಿನ್ಲೆಂಡಿನ ಹತ್ತು ಮಾರ್ಕದ ನೋಟಿನ ಮೇಲೆ ಅವರ ಚಿತ್ರ ಅಚ್ಚಾಯಿತು.

ಇಳಿವಯಸ್ಸಿನಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ದೃಷ್ಟಿಮಾಂದ್ಯ ಅವರನ್ನು ಕಾಡಿದವು. ಪ್ರಚಾರದಿಂದ ದೂರವಿದ್ದ ಅವರು ೧೯೬೭ರಲ್ಲಿ, ಎಪ್ಪತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, ಪ್ರಶ್ನೆ ಕೇಳುವವರು ರಾಷ್ಟ್ರಾಧ್ಯಕ್ಷ ಉರ್ಹೊ ಕೆಕ್ಕೊನೆನ್ ಎಂದು ತಿಳಿದ ಮೇಲಷ್ಟೇ ಸಂದರ್ಶನಕ್ಕೆ ಒಪ್ಪಿದರು. ವಿಜ್ಞಾನ ಮತ್ತು ಕಲೆಗಳ ಮುಂದೆ ಕ್ರೀಡೆ ಕಾಲಹರಣವೆಂದು ಅವರು ಆ ವರ್ಷಗಳಲ್ಲಿ ಕಹಿಯಾಗಿ ನುಡಿದದ್ದುಂಟು. ೧೯೬೮ರಲ್ಲಿ ಹೃದ್ರೋಗ ಸಂಶೋಧನೆಗೆ ನೆರವಾಗಲು ತಮ್ಮ ಹೆಸರಿನ ಪ್ರತಿಷ್ಠಾನವನ್ನು ಆರಂಭಿಸಿದರು. ೧೯೭೩ರ ಅಕ್ಟೋಬರ್ ೨ರಂದು ಹೆಲ್ಸಿಂಕಿಯಲ್ಲಿ ನಿಧನರಾದರು. ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆದು, ಅವರ ದೇಹವನ್ನು ಹುಟ್ಟೂರಾದ ತುರ್ಕುವಿನಲ್ಲಿ ಸಮಾಧಿ ಮಾಡಲಾಯಿತು.