ಒಂದು ತಂತಿ, ಹಲವು ಕೈ

ಬಿಟ್ ರೇಟಿಗೂ ಬಾಡ್ ರೇಟಿಗೂ ಏನು ವ್ಯತ್ಯಾಸ? ಕಮ್ಯುನಿಕೇಷನ್ ಪೇಪರ್‌ನಲ್ಲಿ ಈ ಎರಡು ಮಾರ್ಕಿನ ಪ್ರಶ್ನೆ ಎದುರಿಸದವರು ನಮ್ಮಲ್ಲಿ ಕಡಿಮೆ. ಸೀರಿಯಲ್ ಮಾನಿಟರ್ ತೆರೆದು 9600 ಅಂತ ಆರಿಸೋದು, ಸ್ಕ್ರೀನ್ ಮೇಲೆ ಅರ್ಥವಾಗದ ಅಕ್ಷರ ಬಂದ್ರೆ 115200ಕ್ಕೆ ಬದಲಾಯಿಸಿ ನೋಡೋದು ನಮ್ಮ ಲ್ಯಾಬಿನಲ್ಲಿ ನಿತ್ಯದ ಕೆಲಸ. ಆದ್ರೆ ಈ ಬಾಡ್ ಅನ್ನೋದು ಒಬ್ಬ ಮನುಷ್ಯನ ಹೆಸರಿನ ತುಂಡು ಅಂತ ನಾವು ಯಾವತ್ತೂ ಯೋಚನೆ ಮಾಡಿದವರಲ್ಲ.

ಆ ಮನುಷ್ಯನ ಹತ್ರ ಒಂದು ಆಟಿಕೆಯ ದಾರಿಯಲ್ಲಿ ಹೋಗೋಣ. ಸ್ಲಾಟ್ ಕಾರ್ ನೋಡಿದ್ದೀರಲ್ಲ? ಟ್ರ್ಯಾಕಿನ ಮಧ್ಯೆ ಒಂದು ಸೀಳು, ಅದರ ಎರಡೂ ಬದಿಗೆ ಒಂದೊಂದು ಲೋಹದ ಪಟ್ಟಿ. ಕಾರಿನ ಅಡಿಯಲ್ಲಿರೋ ಬ್ರಷ್ ಆ ಪಟ್ಟಿಗಳಿಂದ ಕರೆಂಟ್ ತಗೊಂಡು ಮೋಟರ್ ಓಡಿಸುತ್ತೆ. ಹಳೆಯ ಮಾದರಿಯಲ್ಲಿ ಕೈಯಲ್ಲಿರೋ ಟ್ರಿಗರ್ ಒತ್ತಿದಂತೆ ಪಟ್ಟಿಯ ಮೇಲಿನ ವೋಲ್ಟೇಜ್ ಏರಿಳಿಯುತ್ತಿತ್ತು. ಹಾಗಾಗಿ ಒಂದು ಸೀಳಿಗೆ ಒಂದೇ ಕಾರು. ಎರಡು ಕಾರು ಇಟ್ಟರೆ ಒಂದೇ ಟ್ರಿಗರಿಗೆ ಎರಡೂ ಒಟ್ಟಿಗೆ ಓಡುತ್ತಿದ್ದವು, ಒಟ್ಟಿಗೆ ನಿಲ್ಲುತ್ತಿದ್ದವು.

2000ದ ದಶಕದಲ್ಲಿ ಬಂದ ಡಿಜಿಟಲ್ ಮಾದರಿಯಲ್ಲಿ ಅದೇ ಎರಡು ಪಟ್ಟಿಯ ಮೇಲೆ ಆರು ಕಾರು ಬೇರೆ ಬೇರೆ ವೇಗದಲ್ಲಿ ಓಡ್ತವೆ. ಹೇಗೆ? ಪಟ್ಟಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತೆ. ಪವರ್ ಬೇಸ್ ಒಳಗಿನ ಮೈಕ್ರೋಕಂಟ್ರೋಲರ್ ಆರೂ ಟ್ರಿಗರ್‌ಗಳನ್ನು ಸರದಿಯಂತೆ ಓದಿ, ಒಂದೊಂದಕ್ಕೂ ಒಂದು ಪುಟ್ಟ ಸಂದೇಶ ಕಟ್ಟುತ್ತೆ: ಇದು ಯಾವ ಕಾರಿಗೆ, ಎಷ್ಟು ವೇಗ, ಲೇನ್ ಬದಲಿಸಬೇಕೋ ಬೇಡವೋ. ಆಮೇಲೆ ಅದೇ ವೋಲ್ಟೇಜನ್ನು ಸೂಕ್ಷ್ಮವಾಗಿ ಕತ್ತರಿಸಿ ಆ ಬಿಟ್‌ಗಳನ್ನು ಪಟ್ಟಿಯ ಮೇಲೆಯೇ ಕಳಿಸುತ್ತೆ. ಕಾರಿನೊಳಗೆ ಒಂದು ಬ್ರಿಜ್ ರೆಕ್ಟಿಫೈಯರ್, ಪಟ್ಟಿ ಕ್ಷಣಕಾಲ ತಪ್ಪಿದರೂ ಚಿಪ್ಪನ್ನು ಬದುಕಿಸೋ ಕೆಪಾಸಿಟರ್, ಒಂದು ಮೈಕ್ರೋಕಂಟ್ರೋಲರ್, ಮೋಟರಿಗೆ ಒಂದು ಮಾಸ್‌ಫೆಟ್. ಎಲ್ಲ ಕಾರಿಗೂ ಎಲ್ಲ ಸಂದೇಶ ಕೇಳಿಸುತ್ತೆ, ಆದ್ರೆ ತನ್ನ ವಿಳಾಸ ಬಂದಾಗ ಮಾತ್ರ ಕಾರು ಗಮನ ಕೊಟ್ಟು ಪಲ್ಸ್ ಅಗಲ ಹೆಚ್ಚು ಕಡಿಮೆ ಮಾಡಿ ಮೋಟರ್ ಓಡಿಸುತ್ತೆ. ಕಾರಿನ ಹೊಟ್ಟೆಯಲ್ಲಿರೋ ಇನ್‌ಫ್ರಾರೆಡ್ ಎಲ್‌ಇಡಿ ತನ್ನ ಗುರುತನ್ನು ಮಿಣುಕಿಸುತ್ತಾ ಹೋಗುತ್ತೆ. ಅದನ್ನು ಟ್ರ್ಯಾಕಿನ ಸೆನ್ಸರ್ ಓದಿ ಲ್ಯಾಪ್ ಎಣಿಸುತ್ತೆ, ಲೇನ್ ಬದಲಿಸೋ ಕಡೆ ಸಾಲಿನಾಯ್ಡ್ ಎಳೆದು ದಾರಿ ತಿರುಗಿಸುತ್ತೆ.

ಇಷ್ಟೆಲ್ಲದರ ನಡುವೆ ಇರೋ ಮೂಲ ಉಪಾಯ ಒಂದೇ. ತಂತಿ ಒಂದೇ ಇದ್ದರೂ ಸಮಯವನ್ನು ಹೋಳು ಮಾಡಿ ಹಂಚಿಕೊಂಡರೆ ಎಲ್ಲರಿಗೂ ಸಾಕಾಗುತ್ತೆ. ನಾವು ಟೈಮ್ ಡಿವಿಷನ್ ಮಲ್ಟಿಪ್ಲೆಕ್ಸಿಂಗ್ ಅಂತ ಓದೋದು ಇದನ್ನೇ. ಟ್ರಾನ್ಸಿಸ್ಟರ್ ಹಾಗಿರಲಿ, ವಾಲ್ವ್ ಕೂಡ ಇಲ್ಲದ ಕಾಲದಲ್ಲಿ ಹಿತ್ತಾಳೆ, ಬ್ರಷ್, ಗಡಿಯಾರದ ಚಕ್ರಗಳಿಂದ ಇದನ್ನು ಊರೂರಿನ ನಡುವೆ ಓಡಿಸಿ ತೋರಿಸಿದವನು ಎಮಿಲ್ ಬೋದೊ.

ಬೋದೊ ಹುಟ್ಟಿದ್ದು 1845ರ ಸೆಪ್ಟೆಂಬರ್ 11ರಂದು, ಫ್ರಾನ್ಸಿನ ಮಾನ್ಯೊ ಅನ್ನೋ ಹಳ್ಳಿಯಲ್ಲಿ. ಅಪ್ಪ ರೈತ. ಶಾಲೆ ಅಂತ ಹುಡುಗ ಕಲಿತದ್ದು ಊರಿನ ಪ್ರಾಥಮಿಕ ಶಾಲೆಯಲ್ಲಿ ಮಾತ್ರ. ಆಮೇಲೆ ಅಪ್ಪನ ಜೊತೆ ಹೊಲದ ಕೆಲಸ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. 1869ರಲ್ಲಿ ಟೆಲಿಗ್ರಾಫ್ ಇಲಾಖೆಯಲ್ಲಿ ತರಬೇತಿ ಆಪರೇಟರ್ ಆಗಿ ಸೇರಿದ. ಮುಂದಿನ ವರ್ಷವೇ ಪ್ರಷ್ಯಾದ ಜೊತೆ ಯುದ್ಧ ಶುರುವಾಯ್ತು, ಸ್ವಲ್ಪ ಕಾಲ ಅಲ್ಲೂ ಸೇವೆ ಮಾಡಿ 1872ರಲ್ಲಿ ಪ್ಯಾರಿಸ್ಸಿಗೆ ವಾಪಸ್ ಬಂದ.

ಇಲಾಖೆ ಅವನಿಗೆ ಮೊದಲು ಮೋರ್ಸ್ ಕಲಿಸಿತ್ತು, ಆಮೇಲೆ ನಾಲ್ಕು ತಿಂಗಳು ಹ್ಯೂಸ್ ಯಂತ್ರದ ತರಬೇತಿಯನ್ನೂ ಕೊಟ್ಟಿತ್ತು. ಹ್ಯೂಸ್ ಯಂತ್ರಕ್ಕೆ ಪಿಯಾನೋ ತರಹದ ಕೀಲಿಮಣೆ, ಆ ತುದಿಯಲ್ಲಿ ತಿರುಗೋ ಅಕ್ಷರದ ಚಕ್ರ. ಸರಿಯಾದ ಕ್ಷಣಕ್ಕೆ ಒಂದು ಪಲ್ಸ್ ಹೋದರೆ ಆ ಅಕ್ಷರ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಚೆನ್ನಾಗಿತ್ತು. ಆದ್ರೆ ಅದರ ಮುಂದೆ ಕೂತು ಕೆಲಸ ಮಾಡಿದ ಬೋದೊಗೆ ಕಂಡದ್ದೇ ಬೇರೆ: ಒಂದು ಪಲ್ಸಿಗೂ ಇನ್ನೊಂದಕ್ಕೂ ನಡುವೆ ತಂತಿ ಸುಮ್ಮನೆ ಬಿದ್ದಿರುತ್ತೆ. ನೂರಾರು ಕಿಲೋಮೀಟರ್ ಕಂಬ ನೆಟ್ಟು ಎಳೆದ ತಂತಿ, ಹೆಚ್ಚಿನ ಹೊತ್ತು ಖಾಲಿ!

ಇಲಾಖೆ ಬೆನ್ನು ತಟ್ಟಿತೇ ಹೊರತು ಪ್ರಯೋಗಕ್ಕೆ ಅಂತ ಕೆಲಸದಿಂದ ಬಿಡುವು ಕೊಡಲಿಲ್ಲ. ಡ್ಯೂಟಿ ಮುಗಿದ ಮೇಲಿನ ಸಮಯದಲ್ಲೇ ಅವನು ಯಂತ್ರ ಕಟ್ಟಬೇಕಾಯ್ತು. 1874ರ ಜೂನ್‌ನಲ್ಲಿ ಪೇಟೆಂಟ್ ಪಡೆದ.

ಆ ಯಂತ್ರದಲ್ಲಿ ಮುಖ್ಯವಾಗಿ ಎರಡು ವಿಷಯ. ಮೊದಲನೆಯದು ಕೋಡ್. ಮೋರ್ಸ್‌ನಲ್ಲಿ ಒಂದು ಅಕ್ಷರ ಚಿಕ್ಕದು, ಇನ್ನೊಂದು ಉದ್ದ. ಸಮಯವನ್ನು ಸಮನಾಗಿ ಹಂಚಬೇಕಾದರೆ ಅದು ಆಗೋ ಮಾತಲ್ಲ. ಬೋದೊ ಪ್ರತಿ ಅಕ್ಷರಕ್ಕೂ ಐದೇ ಪಲ್ಸ್, ಎಲ್ಲವೂ ಒಂದೇ ಅಳತೆ ಅಂತ ಇಟ್ಟ. ಐದು ಬಿಟ್ ಅಂದ್ರೆ 32 ಸಂಯೋಜನೆ. ಅಕ್ಷರ, ಅಂಕಿ ಎರಡಕ್ಕೂ ಅಷ್ಟು ಸಾಲದು, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ದಾಟಲು ಶಿಫ್ಟ್. ಕೀಲಿಮಣೆಯಲ್ಲಿ ಇದ್ದದ್ದು ಐದೇ ಕೀಲಿ, ಎಡಗೈಗೆ ಎರಡು, ಬಲಗೈಗೆ ಮೂರು. ಆಪರೇಟರ್ ಮನಸ್ಸಿನಲ್ಲೇ ಕೋಡ್ ಮಾಡಿ ಬೆರಳಿಂದ ಬಿಟ್ ಒತ್ತಬೇಕಿತ್ತು.

ಎರಡನೆಯದು ಡಿಸ್ಟ್ರಿಬ್ಯೂಟರ್. ವೃತ್ತಾಕಾರದಲ್ಲಿ ಜೋಡಿಸಿದ ಲೋಹದ ತುಣುಕುಗಳ ಮೇಲೆ ಒಂದು ಬ್ರಷ್ ಸುತ್ತುತ್ತಾ ಹೋಗುತ್ತೆ. ಮೊದಲ ಐದು ತುಣುಕು ಮೊದಲ ಆಪರೇಟರಿಗೆ, ಮುಂದಿನ ಐದು ಎರಡನೆಯವನಿಗೆ, ಹೀಗೆ. ದೂರದ ಊರಿನಲ್ಲೂ ಅಂಥದ್ದೇ ಬ್ರಷ್ ಅದೇ ವೇಗದಲ್ಲಿ ಸುತ್ತಬೇಕು, ಇಲ್ಲದಿದ್ದರೆ ಒಬ್ಬನ ಸಂದೇಶ ಇನ್ನೊಬ್ಬನ ಕಾಗದಕ್ಕೆ ಹೋಗುತ್ತೆ. ಅದಕ್ಕೆ ಕೆಲವು ತುಣುಕುಗಳನ್ನು ಎರಡೂ ಬ್ರಷ್‌ಗಳ ಹೊಂದಾಣಿಕೆಗೆ ಅಂತಲೇ ಮೀಸಲಿಟ್ಟ. ನಾವು ಇವತ್ತು ಸಿಂಕ್ ಬಿಟ್ ಅನ್ನೋ ಕೆಲಸವನ್ನೇ ಆ ಹಿತ್ತಾಳೆ ತುಣುಕುಗಳು ಮಾಡ್ತಿದ್ದವು. ಬ್ರಷ್ ನಿಮಿಷಕ್ಕೆ ಸುಮಾರು 180 ಸುತ್ತು ಹಾಕಿದರೆ ಒಬ್ಬ ಆಪರೇಟರಿಗೆ ಸೆಕೆಂಡಿಗೆ 3 ಅಕ್ಷರ, ಅಂದ್ರೆ 15 ಬಿಟ್. ನಾಲ್ಕು ಜನ ಕೂತರೆ 60. ನಮ್ಮ 9600ರ ಮುಂದೆ ನಗು ಬರಬಹುದು, ಆದ್ರೆ ಆ ಅರವತ್ತೂ ಒಂದೇ ತಂತಿಯಲ್ಲಿ ಹೋಗ್ತಿದ್ವು.

ಆ ಆಪರೇಟರುಗಳ ಪಾಡನ್ನೂ ಸ್ವಲ್ಪ ನೆನೆಯಬೇಕು. ಯಂತ್ರ ಅವರಿಗಾಗಿ ಕಾಯುತ್ತಿರಲಿಲ್ಲ. ತನ್ನ ಸರದಿ ಬಂದಾಗ ಕಟ್ ಅಂತ ಒಂದು ಸದ್ದು ಆಗುತ್ತಿತ್ತು, ಆ ತಾಳಕ್ಕೆ ಸರಿಯಾಗಿ ಬೆರಳು ಬೀಳಬೇಕು. ಗಂಟೆಗಟ್ಟಲೆ ಹಾಗೆ. ಸ್ಲಾಟ್ ಕಾರಿನಲ್ಲಿ ಇದು ತಿರುವುಮುರುವು: ನಾವು ಯಾವಾಗ ಬೇಕಾದರೂ ಟ್ರಿಗರ್ ಒತ್ತಬಹುದು, ಚಿಪ್ಪೇ ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಸಲ ಬಂದು ನಮ್ಮ ಬೆರಳನ್ನು ವಿಚಾರಿಸಿಕೊಂಡು ಹೋಗುತ್ತೆ.

1877ರ ನವೆಂಬರ್‌ನಲ್ಲಿ ಪ್ಯಾರಿಸ್ ಮತ್ತು ಬೋರ್ಡೊ ನಡುವೆ ಯಂತ್ರ ಓಡಿತು. ಆ ವರ್ಷದ ಕೊನೆಗೆ ಸುಮಾರು 1,700 ಕಿಲೋಮೀಟರ್ ಉದ್ದದ ಪ್ಯಾರಿಸ್–ರೋಮ್ ತಂತಿಗೂ ಬಂತು. 1878ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಚಿನ್ನದ ಪದಕ. ಆಪರೇಟರ್ ಆಗಿ ಸೇರಿದವನು 1882ರಲ್ಲಿ ಇನ್‌ಸ್ಪೆಕ್ಟರ್-ಎಂಜಿನಿಯರ್ ಆದ. ಡಿಗ್ರಿ ಇಲ್ಲದೆ ಆ ಹುದ್ದೆಗೆ ಏರಿದ ಅನ್ನೋದನ್ನ ನಾವು, ಡಿಗ್ರಿಗಾಗಿಯೇ ಇಲ್ಲಿ ಕೂತವರು, ಸ್ವಲ್ಪ ಗಮನಿಸಬೇಕು.

ಆದ್ರೆ ಕಥೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಮಿಮೊ ಅನ್ನೋ ಇನ್ನೊಬ್ಬ ಟೆಲಿಗ್ರಾಫ್ ನೌಕರ, ಈ ಐದರ ಕೋಡ್ ಮೊದಲು ಹೊಳೆದದ್ದು ತನಗೆ ಅಂತ ಕೋರ್ಟಿಗೆ ಹೋದ. ಮೊದಲ ತೀರ್ಪು ಅವನ ಕಡೆಗೇ ಬಂತು. ಬೋದೊ ತೀರಾ ಕುಗ್ಗಿಹೋದ. ಕೊನೆಗೆ ಆ ತೀರ್ಪು ರದ್ದಾಗಿ ಖರ್ಚು ಮಿಮೊ ತಲೆಗೆ ಬಿತ್ತು. ನ್ಯಾಯವಾಗಿ ನೋಡಿದರೆ ಐದರ ಕೋಡನ್ನು 1830ರ ದಶಕದಲ್ಲೇ ಜರ್ಮನಿಯ ಗೌಸ್ ಮತ್ತು ವೆಬರ್ ಬಳಸಿದ್ದರು. ತಂತಿಯನ್ನು ಸರದಿಯಲ್ಲಿ ಹಂಚೋದನ್ನ ಬೋದೊಗಿಂತ ಮೊದಲೇ ಮೇಯರ್ ಅನ್ನೋ ಫ್ರೆಂಚ್ ಸಹೋದ್ಯೋಗಿ ಮೋರ್ಸ್ ಜೊತೆ ಮಾಡಿ ನೋಡಿದ್ದ. ಅಚ್ಚು ಹಾಕೋದು ಹ್ಯೂಸ್‌ನದು. ಹಾಗಾದ್ರೆ ಬೋದೊ ಮಾಡಿದ್ದೇನು? ಮೂರನ್ನೂ ಒಂದು ಯಂತ್ರದಲ್ಲಿ ಸೇರಿಸಿ, ಮಳೆ ಗಾಳಿಯ ತಂತಿಯ ಮೇಲೆ, ಸಾಮಾನ್ಯ ನೌಕರರ ಕೈಯಲ್ಲಿ, ದಿನವೂ ಓಡುವ ಹಾಗೆ ಮಾಡಿದ. ಪ್ರಾಜೆಕ್ಟಿನಲ್ಲಿ ಬೇರೆಯವರ ಮಾಡ್ಯೂಲ್ ತಂದು ಜೋಡಿಸಿ ಕೆಲಸ ಮಾಡಿಸಲು ಒದ್ದಾಡಿದವರಿಗೆ ಅದು ಸಣ್ಣ ಕೆಲಸವಲ್ಲ ಅಂತ ಗೊತ್ತು.

ದೇಹವೂ ಅವನಿಗೆ ಸಹಕರಿಸಲಿಲ್ಲ. ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೇ ಶುರುವಾದ ಅನಾರೋಗ್ಯ ಕೊನೆವರೆಗೂ ಬಿಡಲಿಲ್ಲ. ಒಮ್ಮೆ ಒಂದು ತಿಂಗಳವರೆಗೂ ರಜೆ ಹಾಕಬೇಕಾಯ್ತು. 1890ರ ಜನವರಿಯಲ್ಲಿ, ನಲವತ್ತನಾಲ್ಕನೇ ವಯಸ್ಸಿನಲ್ಲಿ ಮದುವೆಯಾದ. ಏಪ್ರಿಲ್‌ನಲ್ಲಿ ಹೆಂಡತಿ ತೀರಿಕೊಂಡಳು. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ಯಾರಿಸ್, ವಾನ್, ಲೋರಿಯಾಂ ಮೂರೂ ಊರುಗಳನ್ನು ಒಂದೇ ತಂತಿಯಲ್ಲಿ ಜೋಡಿಸಿದ. 1894ರಲ್ಲಿ ಪ್ಯಾರಿಸ್ ಮತ್ತು ಮಿಲಾನ್ ಷೇರುಪೇಟೆಗಳ ನಡುವೆ ಸಂಪರ್ಕ ಕೊಟ್ಟ, ಅದಕ್ಕಾಗಿ ದಾರಿಯಲ್ಲಿ ಸಂಕೇತವನ್ನು ಮತ್ತೆ ಕಳಿಸೋ ಹೊಸ ಯಂತ್ರವನ್ನೂ ಮಾಡಿದ. 1903ರ ಮಾರ್ಚ್ 28ರಂದು ಪ್ಯಾರಿಸ್ ಪಕ್ಕದ ಸೋ ಎಂಬಲ್ಲಿ ತೀರಿಕೊಂಡಾಗ ಅವನಿಗೆ 57.

1920ರ ದಶಕದಲ್ಲಿ ಟೆಲಿಗ್ರಾಫ್ ತಜ್ಞರು ಸಂಕೇತದ ವೇಗಕ್ಕೊಂದು ಮಾನ ಬೇಕು ಅಂತ ಕೂತಾಗ ಅವನ ಹೆಸರಿನ ಕೊನೆ ಕತ್ತರಿಸಿ ಬಾಡ್ ಅಂತ ಇಟ್ಟರು. ಹೆಸರನ್ನು ಕತ್ತರಿಸಿದರೂ ಲೆಕ್ಕ ಅವನದ್ದೇ: ಸೆಕೆಂಡಿಗೆ ಎಷ್ಟು ಸಲ ತಂತಿಯ ಮೇಲಿನ ಸಂಕೇತ ಬದಲಾಗಬಲ್ಲದು. ಒಂದು ಸಂಕೇತದಲ್ಲಿ ಒಂದೇ ಬಿಟ್ ಇದ್ದರೆ ಬಿಟ್ ರೇಟೂ ಅಷ್ಟೇ, ಹೆಚ್ಚು ಬಿಟ್ ತುಂಬಿದರೆ ಬಿಟ್ ರೇಟ್ ಜಾಸ್ತಿ. ಎರಡು ಮಾರ್ಕಿನ ಉತ್ತರ ಇಷ್ಟೇ. ಪೇಪರ್‌ನಲ್ಲಿ ಮುಂದಿನ ಸಲ ಅದನ್ನು ಬರೆಯುವಾಗ, ಡ್ಯೂಟಿ ಮುಗಿಸಿ ಬಂದು ರಾತ್ರಿ ಹಿತ್ತಾಳೆ ತುಣುಕು ಜೋಡಿಸುತ್ತಿದ್ದ ಒಬ್ಬ ರೈತನ ಮಗನೂ ನಮ್ಮ ನೆನಪಿಗೆ ಬರಲಿ.