ಕಡಲಾಚೆ ಓದಿ ಊರಿಗೆ ಬೆಳಕಾದ ಪಾವಟೆಯವರು

ಮಗ ಪರದೇಶಕ್ಕೆ ಓದಲು ಹೋದರೆ ಕೈಬಿಟ್ಟು ಹೋದಂತೆಯೇ ಎಂಬ ಅಳುಕು ರಾಯದುರ್ಗ, ಮಡಕಶಿರಾ ಕಡೆಯ ಎಷ್ಟೋ ಮನೆಗಳಲ್ಲಿದೆ. ಅಂಥ ಹಿರಿಯರು ಡಾ. ಡಿ.ಸಿ. ಪಾವಟೆಯವರ ಜೀವನವನ್ನು ಅರಿಯಲೆಂದು ನಾವು ಬಯಸುತ್ತೇವೆ.

ಪಾವಟೆಯವರು 1899ರಲ್ಲಿ ಬೆಳಗಾವಿ ಜಿಲ್ಲೆ ಗೋಕಾಕ ತಾಲೂಕಿನ ಮಮದಾಪುರ ಎಂಬ ಹಳ್ಳಿಯಲ್ಲಿ ಜನಿಸಿದರು. ನಾಡಿನಲ್ಲಿ ಪದವಿ ಪಡೆದು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ತೆರಳಿದರು. ಅಲ್ಲಿನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ, ಪ್ರಥಮ ದರ್ಜೆಯವರಿಗೆ ಮಾತ್ರ ಸಲ್ಲುವ ರ‍್ಯಾಂಗ್ಲರ್ ಪದವಿಗೆ ಪಾತ್ರರಾದರು.

ಆ ಕೀರ್ತಿ ಹೊತ್ತು ಅಲ್ಲಿಯೇ ನಿಲ್ಲದೆ ತಾಯ್ನಾಡಿಗೆ ಮರಳಿದರು. ಮುಂಬಯಿ ರಾಜ್ಯದ ಶಿಕ್ಷಣ ನಿರ್ದೇಶಕರಾದರು. 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು. ಆ ಆವರಣ ಇಂದಿಗೂ ಪಾವಟೆ ನಗರ. ಮುಂದೆ ಪಂಜಾಬಿನ ರಾಜ್ಯಪಾಲರಾಗಿದ್ದು, 1979ರಲ್ಲಿ ಕಾಲವಾದರು.

ಅವರು ಹೋದ ದಾರಿ ಅವರೊಂದಿಗೆ ಮುಚ್ಚಲಿಲ್ಲ. ಅವರ ಹೆಸರಿನ ಫೆಲೋಶಿಪ್ ಪಡೆದು ಕರ್ನಾಟಕದ ವಿದ್ವಾಂಸರು ಅದೇ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ ಬಂದಿದ್ದಾರೆ.

ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಹೊಲ ಅಡವಿಡುವ ಮುನ್ನ ಮಕ್ಕಳ ಕಾಲೇಜಿಗೆ ಹೋಗಿ ವಿದ್ಯಾರ್ಥಿವೇತನಗಳ ವಿಷಯ ವಿಚಾರಿಸಿರಿ. ಆದರೆ ಬರೀ ಅಂಜಿಕೆಯಿಂದ ಓದುವ ಮಕ್ಕಳನ್ನು ತಡೆಯಬೇಡಿರಿ.